‘ಇತರೆ’ ಎಂಬ ಖಾನೆಗೆ ಹೋದ ಮಾತು

ಗದಗ,
ನವೆಂಬರ್ 31, 2189

ಹಿಂದಿನ ಕಾಲದ ಸಹೋದ್ಯೋಗಿಗಳಿಗೆ,

ತಾರೀಖು ನೋಡಿ ಬರೆದವಳ ಕೈ ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ನವೆಂಬರಿಗೆ ಮೂವತ್ತೊಂದು ದಿನ. ನನ್ನ ಅಜ್ಜಿಯ ಕಾಲದಲ್ಲಿ ತಿಂಗಳುಗಳನ್ನು ಹೊಸದಾಗಿ ಹಂಚಿದಾಗ ಹೀಗಾಯಿತು; ಏಕೆಂದು ಈಗ ಯಾರಿಗೂ ನೆನಪಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮೆಯಿರಲಿ, ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮಗೆ ತಲುಪುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಸಾಗುವ ಅಂಚೆಯಲ್ಲಿ. ಐವತ್ತು ದಾಟಿದವರಿಗೆ ಜೀವಮಾನದಲ್ಲಿ ಒಂದೇ ಕಾಗದ ಕಳಿಸಲು ಅನುಮತಿ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೋ ಮುತ್ತಜ್ಜಿಗೋ ಬರೆಯುತ್ತಾರೆ. ನಾನು ಆ ಒಂದು ಕಾಗದವನ್ನು ಕಚೇರಿಯ ವಿಷಯಕ್ಕೆ ಖರ್ಚು ಮಾಡುತ್ತೇನೆಂದು ಕೇಳಿ ನನ್ನ ತಂಗಿ ನಕ್ಕಳು. ನಗಲಿ. ನನಗೆ ಸಿಟ್ಟು ಬಂದಿದೆ, ಆ ಸಿಟ್ಟಿನ ಬೇರು ನಿಮ್ಮ ಕಾಲದಲ್ಲಿದೆ.

ನನ್ನ ಹೆಸರು ನೀಲಗಂಗಾ ಹೊಸಮನಿ, ವಯಸ್ಸು ಐವತ್ತೆರಡು. ಗದಗದಲ್ಲಿ ‘ಓಗೊಡು’ ಎಂಬ ಗಣಕ ಸಂಸ್ಥೆಯಲ್ಲಿ ಇಪ್ಪತ್ತೊಂದು ವರ್ಷ ಕೆಲಸ ಮಾಡಿದೆ. ನಮ್ಮ ಸೀಮೆಯ ಏಳು ಜಿಲ್ಲೆಗಳಲ್ಲಿ ಯಾರಿಗೆ ಎದೆನೋವು ಬಂದರೂ, ಎಲ್ಲಿ ಬೆಂಕಿ ಬಿದ್ದರೂ, ಜನ ಕರೆ ಮಾಡುವುದು ನಮ್ಮ ಯಂತ್ರಕ್ಕೆ. ಅದರ ಹೆಸರು ದನಿಗಾವಲು. ಕರೆದವರ ಮಾತು ಕೇಳಿ, ಊರು ತಿಳಿದು, ಹತ್ತಿರದ ಆಂಬುಲೆನ್ಸನ್ನು ಅದೇ ಕಳಿಸುತ್ತದೆ. ಈ ಯಂತ್ರವನ್ನು ಕಟ್ಟುವವರು, ಪರೀಕ್ಷಿಸುವವರು, ನೋಡಿಕೊಳ್ಳುವವರು ಸೇರಿ ನಾವು ಆರುನೂರು ಚಿಲ್ಲರೆ ಮಂದಿ.

ಹೊರಗಿನಿಂದ ನೋಡಿದರೆ ನಮ್ಮ ಕಚೇರಿಯಷ್ಟು ಸುಖದ ಜಾಗ ಇನ್ನೊಂದಿಲ್ಲ. ದಿನಕ್ಕೆ ಐದೇ ತಾಸು ಕೆಲಸ. ಬೇವಿನ ಮರಗಳ ಕೆಳಗೆ ನೆರಳುಗೂಡುಗಳಿವೆ. ಒಬ್ಬೊಬ್ಬರು ಕೂತು ಕೆಲಸ ಮಾಡಲು ಹೆಣೆದ ಬಿದಿರಿನ ಗೂಡುಗಳು ಅವು, ಒಳಗೆ ತಂಪುಗಾಳಿ ತಾನಾಗಿ ಬೀಸುತ್ತದೆ. ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮೂರು ಗಂಟೆಗೆ ಮಿರ್ಚಿ. ಬಾಗಿಲಲ್ಲೇ ಹುರುಪುಗೋಡೆ ಇದೆ. ನೌಕರರ ಸಂತೋಷ ಆ ದಿನ ನೂರಕ್ಕೆ ಎಷ್ಟಿದೆ ಎಂದು ಅದು ತೋರಿಸುತ್ತದೆ. ತೊಂಬತ್ತು ದಾಟಿದರೆ ಗೋಡೆ ಹಸಿರಾಗುತ್ತದೆ, ಎಂಬತ್ತಕ್ಕೆ ಇಳಿದರೆ ಹಳದಿ. ಕೆಂಪಾದದ್ದನ್ನು ನಾನು ನೋಡಿಲ್ಲ; ಕೆಂಪಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು.

ಪ್ರತಿ ತಿಂಗಳು ಎಲ್ಲ ನೌಕರರೂ ಮನದಳತೆ ಎಂಬ ಪ್ರಶ್ನಾವಳಿ ತುಂಬಬೇಕು. ಹೆಸರು ಬರೆಯಬೇಕಿಲ್ಲ. ‘ನಿಮ್ಮ ಮುಂದಾಳುಗಳು ನಿಮ್ಮ ಮಾತನ್ನು ಕೇಳಿಸಿಕೊಳ್ಳುತ್ತಾರೆಯೇ? ಒಂದರಿಂದ ಐದರೊಳಗೆ ಗುರುತಿಸಿ’ ಎಂಬುದು ಮೊದಲ ಪ್ರಶ್ನೆ. ಹಳೆಯ ಕಡತಗಳನ್ನು ತೆಗೆದು ನೋಡಿದಾಗ ತಿಳಿಯಿತು, ಈ ಪ್ರಶ್ನೆ ನಿಮ್ಮ ಕಾಲದ ಕಂಪನಿಗಳಿಂದ ಬಂದದ್ದು, ನೂರ ಅರವತ್ತು ವರ್ಷಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕೊನೆಯಲ್ಲಿ ನಾಲ್ಕು ಸಾಲು ಖಾಲಿ ಜಾಗ, ಮನಸ್ಸಿನಲ್ಲಿದ್ದದ್ದನ್ನು ಬರೆಯಲು. ಆ ನಾಲ್ಕು ಸಾಲುಗಳನ್ನು ಓದುವವಳು ನಾನು. ಓದಿ ಐದು ಖಾನೆಗಳಿಗೆ ಹಂಚಬೇಕು: ಊಟ, ಜಾಗ, ಸಂಬಳ, ಮೆಚ್ಚುಗೆ, ಇತರೆ. ಆಮೇಲೆ ಒಂದು ಪುಟದ ಸಾರಾಂಶ ಬರೆದು ಹಿರಿಯ ಮುಂದಾಳು ಇಂದುಧರ ಕೌಜಲಗಿಯವರಿಗೆ ಕೊಡಬೇಕು. ಒಂದು ಪುಟ ಮೀರಬಾರದು, ಯಾರ ಮಾತನ್ನೂ ಇದ್ದದ್ದು ಇದ್ದಂತೆ ಹಾಕಬಾರದು, ಓದಿದವರ ಉತ್ಸಾಹ ಕುಗ್ಗಬಾರದು ಎಂಬ ನಿಯಮವಿತ್ತು.

ಕಳೆದ ವರ್ಷ ಮೇ ತಿಂಗಳಲ್ಲಿ ಒಬ್ಬರು ಹೀಗೆ ಬರೆದಿದ್ದರು: ‘ಕರೆದವರು ಇಪ್ಪತ್ತು ಸೆಕೆಂಡು ಸುಮ್ಮನಿದ್ದರೆ ಮಾತ್ರ ಯಂತ್ರ ಕರೆ ಕಡಿಯುತ್ತಿತ್ತು. ಈಗ ಅದನ್ನು ಎಂಟಕ್ಕೆ ಇಳಿಸಿದ್ದಾರೆ. ಏದುಸಿರು ಬಿಡುವವರು, ತೊದಲುವವರು, ಗಾಬರಿಯಲ್ಲಿ ಬಾಯಿ ಕಟ್ಟಿದವರು ಎಂಟು ಸೆಕೆಂಡಿನಲ್ಲಿ ಮಾತು ಹೊರಡಿಸಲಾರರು. ದಯವಿಟ್ಟು ನೋಡಿ.’

ಇದು ಊಟವಲ್ಲ, ಜಾಗವಲ್ಲ, ಸಂಬಳವಲ್ಲ, ಮೆಚ್ಚುಗೆಯಂತೂ ಅಲ್ಲ. ‘ಇತರೆ’ಗೆ ಹಾಕಿದೆ. ಸಾರಾಂಶದಲ್ಲಿ ‘ಕೆಲವರು ಯಂತ್ರದ ವೇಗದ ಬಗ್ಗೆ ಸಲಹೆ ನೀಡಿದ್ದಾರೆ’ ಎಂದು ಬರೆದೆ. ಆ ವಾಕ್ಯ ನನ್ನದು. ಯಾರೂ ನನ್ನಿಂದ ಬರೆಸಲಿಲ್ಲ.

ಜೂನಿನಲ್ಲಿ ಅದೇ ಮಾತು ಮತ್ತೆ ಬಂತು, ಈ ಸಲ ಹದಿನಾಲ್ಕು ಪರೀಕ್ಷೆಗಳ ವಿವರದೊಂದಿಗೆ. ಜುಲೈಯಲ್ಲಿ ಬಂದದ್ದು ಒಂದೇ ಸಾಲು: ‘ಇದನ್ನು ಯಾರಾದರೂ ಓದುತ್ತಿದ್ದೀರಾ?’ ಓದುತ್ತಿದ್ದೆ. ಮೂರನ್ನೂ ‘ಇತರೆ’ಗೆ ಹಾಕಿದೆ.

ಬರೆದವರು ಯಾರೆಂದು ಆಗಸ್ಟಿನ ತೆರೆದ ಸಭೆಯಲ್ಲಿ ಗೊತ್ತಾಯಿತು. ತೆರೆದ ಸಭೆಯೆಂದರೆ ವರ್ಷಕ್ಕೆರಡು ಸಲ ಎಲ್ಲರೂ ಮರಗಳ ಕೆಳಗೆ ಸೇರಿ ಮುಂದಾಳುಗಳನ್ನು ಪ್ರಶ್ನೆ ಕೇಳುವ ದಿನ. ಹೆಚ್ಚಾಗಿ ಕೇಳುವುದು ದೀಪಾವಳಿಯ ರಜೆಯ ಬಗ್ಗೆ. ಅವತ್ತು ಫಕ್ಕೀರೇಶ ಬಂಡಿವಡ್ಡರ ಎದ್ದು ನಿಂತ. ಅವನು ದನಿ ಪರೀಕ್ಷಕ, ನನಗಿಂತ ಏಳೆಂಟು ವರ್ಷ ಚಿಕ್ಕವನು, ಮಿತಭಾಷಿ. ಯಂತ್ರಕ್ಕೆ ನೂರಾರು ಬಗೆಯ ದನಿಗಳಲ್ಲಿ ಕರೆ ಮಾಡಿ, ಅದು ಎಲ್ಲಿ ಎಡವುತ್ತದೆ ಎಂದು ಹುಡುಕುವುದು ಅವನ ಕೆಲಸ. ಎಂಟು ಸೆಕೆಂಡಿನ ವಿಷಯವನ್ನು ನಿಧಾನವಾಗಿ, ಯಾರ ಮೇಲೂ ತಪ್ಪು ಹೊರಿಸದೆ ಹೇಳಿದ. ಗಂಟೆಗೆ ಎಷ್ಟು ಕರೆ ಮುಗಿದವೆಂಬ ಲೆಕ್ಕ ಚೆನ್ನಾಗಿ ಕಾಣಲೆಂದು ಕಾಯುವ ಹೊತ್ತನ್ನು ಕಡಿಮೆ ಮಾಡಿದ್ದು ಸರಿಯಲ್ಲ ಎಂದ.

ಇಂದುಧರ ಅವರು ಗದರಿಸುವ ಮನುಷ್ಯರಲ್ಲ. ಗದರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ವೇದಿಕೆಯಿಂದ ಇಳಿದು ಬಂದು ಫಕ್ಕೀರೇಶನ ಹೆಗಲ ಮೇಲೆ ಕೈ ಇಟ್ಟು, ಇಂಥ ಧೈರ್ಯವೇ ನಮ್ಮ ಸಂಸ್ಥೆಯ ಆಸ್ತಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮುಂದಿನ ಸೋಮವಾರ ಫಕ್ಕೀರೇಶನಿಗೆ ಬಡ್ತಿ ಪತ್ರ ಬಂತು. ಪರೀಕ್ಷೆಯ ಕೆಲಸದಿಂದ ಬಿಡಿಸಿ ಅವನನ್ನು ‘ಮುಕ್ತಮಾತಿನ ರಾಯಭಾರಿ’ ಮಾಡಿದ್ದರು. ಹೊಸದಾಗಿ ಸೇರಿದವರಿಗೆ, ನಮ್ಮಲ್ಲಿ ಎಲ್ಲರೂ ಹೇಗೆ ನಿರ್ಭಯವಾಗಿ ಮಾತಾಡಬಹುದೆಂದು ಪಾಠ ಹೇಳುವುದು ಅವನ ಹೊಸ ಉದ್ಯೋಗ. ಪರೀಕ್ಷಾ ಕೋಣೆಯ ಬಾಗಿಲು ಅವನ ಬೆರಳಿಗೆ ತೆರೆಯುವುದು ನಿಂತಿತು. ಎಂಟು ಸೆಕೆಂಡು ಎಂಟಾಗಿಯೇ ಉಳಿಯಿತು.

ಅವನು ಒಂದು ಮಧ್ಯಾಹ್ನ ನನ್ನ ಗೂಡಿಗೆ ಬಂದು ಎದುರಿಗೆ ಕೂತ. ಸಿಟ್ಟಿರಲಿಲ್ಲ.

“ಅಕ್ಕಾರ, ನಾ ಮೂರು ತಿಂಗಳು ಬರದೆ. ನೀವು ಓದೀರಿ ಅಂತ ನನಗ ಗೊತ್ತೈತಿ. ಮ್ಯಾಲಿನವರಿಗೆ ಮುಟ್ಟಿಲ್ಲ. ನಡುವ ಎಲ್ಲಿ ಕಳೀತರಿ ಅದು?”

ನಿಯಮ ಹಾಗಿದೆ ಎಂದೆ. ಅವನು ತಲೆಯಾಡಿಸಿ ಎದ್ದು ಹೋದ. ನಾನು ಆ ಸಂಜೆ ಆಗಸ್ಟಿನ ಸಾರಾಂಶ ಮುಗಿಸಿದೆ. ‘ತೆರೆದ ಸಭೆಯ ಬಗ್ಗೆ ನೌಕರರಲ್ಲಿ ಅಪಾರ ಹೆಮ್ಮೆ ವ್ಯಕ್ತವಾಗಿದೆ.’ ಗೋಡೆ ಹಸಿರಾಗಿತ್ತು.

ಅಕ್ಟೋಬರ್ ಹನ್ನೆರಡರಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬೆಟಗೇರಿಯಲ್ಲಿ ರುಕ್ಮಾಬಾಯಿ ಬಾಕಳೆ ಎಂಬ ನೇಕಾರ ಹೆಂಗಸು ಮಗ್ಗದ ಮುಂದೆಯೇ ಒಂದು ಮಗ್ಗುಲಿಗೆ ವಾಲಿದರು. ಮಿದುಳಿಗೆ ರಕ್ತ ಹರಿಯುವುದು ನಿಂತಿತ್ತು. ಮನೆಯಲ್ಲಿದ್ದವರು ಗಂಡ ವಿಠ್ಠಲ ಒಬ್ಬರೇ. ಅವರಿಗೆ ಚಿಕ್ಕಂದಿನಿಂದ ತೊದಲು. ಗಾಬರಿಯಾದರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದನಿಗಾವಲಿಗೆ ನಾಲ್ಕು ಸಲ ಕರೆ ಮಾಡಿದರು. ನಾಲ್ಕು ಸಲವೂ ಯಂತ್ರ ಊರು ಯಾವುದೆಂದು ಕೇಳಿತು, ‘ಬೆ’ ಎಂಬ ಅಕ್ಷರದ ಮೇಲೆ ಅವರು ನಿಂತರು, ಎಂಟು ಸೆಕೆಂಡು ಕಳೆಯಿತು, ಯಂತ್ರ ಧನ್ಯವಾದ ಹೇಳಿ ಕರೆ ಮುಗಿಸಿತು. ಕೊನೆಗೆ ಬೀದಿಗೆ ಓಡಿ ಪಕ್ಕದ ಮನೆಯವರಿಂದ ಕರೆ ಮಾಡಿಸಿದರು. ಆಂಬುಲೆನ್ಸ್ ಬಂತು. ರುಕ್ಮಾಬಾಯಿ ಬದುಕಿದರು. ಆದರೆ ಬಲಗೈ ಹೋಯಿತು. ಆ ಮನೆಯಲ್ಲಿ ಸೀರೆಯ ಸೆರಗಿನ ಚಿತ್ತಾರ ನೇಯಬಲ್ಲ ಕೈ ಅದೊಂದೇ ಆಗಿತ್ತು. ಹತ್ತು ನಿಮಿಷ ಮೊದಲು ತಂದಿದ್ದರೆ ಕೈ ಉಳಿಯುತ್ತಿತ್ತೆಂದು ವೈದ್ಯರು ಹೇಳಿದರಂತೆ.

ಐದನೆಯ ದಿನ ವಿಠ್ಠಲ ಬಾಕಳೆ ನಮ್ಮ ಕಚೇರಿಗೆ ಬಂದರು. ಹೊರಗಿನವರ ಅಭಿಪ್ರಾಯವೂ ಅಭಿಪ್ರಾಯವೇ ಎಂದು ಬಾಗಿಲಲ್ಲಿದ್ದವರು ಅವರನ್ನು ನನ್ನ ಗೂಡಿಗೆ ಕಳಿಸಿದರು. ಅರವತ್ತರ ಹತ್ತಿರದ, ತೆಳ್ಳಗಿನ ಮನುಷ್ಯ. ಕೈಯಲ್ಲಿ ಎರಡು ಹಾಳೆ. ಒಂದು, ಅವರು ಕೇಳಿ ಪಡೆದ ನಮ್ಮದೇ ದಾಖಲೆ; ಅದರಲ್ಲಿ ಅವರ ನಾಲ್ಕೂ ಕರೆಗಳ ಮುಂದೆ ‘ಮೌನ ಕರೆ’ ಎಂದಿತ್ತು. ಇನ್ನೊಂದು ಅವರ ಕೈಬರಹ, ಜನರೆದುರು ಮಾತು ಹೊರಡದೆಂದು ಮನೆಯಲ್ಲೇ ಬರೆದು ತಂದದ್ದು. ‘ನಾನು ಮಾತಾಡುತ್ತಿದ್ದೆ. ನೀವು ಮೌನ ಎಂದು ಬರೆದಿದ್ದೀರಿ. ತಿದ್ದಿರಿ.’ ಅಷ್ಟೇ.

ನಾನು ಓದಿದೆ. ಕುಡಿಯಲು ನೀರು ಕೊಟ್ಟೆ. ಅವರು ಏನೋ ಹೇಳಲು ಬಾಯಿ ತೆರೆದರು. ಕಾದೆ. ಮಾತು ಬರಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವರು ಕೇಳಿದ್ದು ಇದು:

“ಇದು ಮದ್ಲ... ಮದ್ಲ ಯಾರಿಗೂ ಗೊತ್ತಿರಲಿಲ್ಲೇನ್ರಿ, ಬಾಯಾರ?”

ಗೊತ್ತಿತ್ತು ಎಂದೆ. ನನಗೆ ಗೊತ್ತಿತ್ತು ಎಂದು ಸೇರಿಸಿದೆ. ಅವರು ನನ್ನನ್ನು ಬೈಯಲಿಲ್ಲ. ಹಾಳೆಗಳನ್ನು ನನ್ನ ಮುಂದೆಯೇ ಬಿಟ್ಟು, ಆಸ್ಪತ್ರೆಗೆ ಹೊತ್ತಾಯಿತೆಂದು ಕೈಸನ್ನೆಯಲ್ಲೇ ತಿಳಿಸಿ ಹೊರಟರು.

ಅವತ್ತೇ ಇಂದುಧರ ಅವರ ಕೋಣೆಗೆ ಹೋದೆ. ದುಃಖದ ಸಂಗತಿ, ಕುಟುಂಬಕ್ಕೆ ಹೂಗುಚ್ಛ ಕಳಿಸೋಣ ಎಂದರು. ಸಮಯ ಬದಲಿಸುವ ವಿಷಯ ಸಮಿತಿಯ ಮುಂದಿದೆಯಂತೆ. ಯಾವ ಸಮಿತಿ ಎಂದು ಕೇಳಿದ್ದಕ್ಕೆ, ರಚನೆಯಾಗಬೇಕಿದೆ ಎಂದರು. ಇಪ್ಪತ್ತು ವರ್ಷ ನಾನು ಇಂಥ ವಾಕ್ಯಗಳನ್ನು ಬರೆದುಕೊಟ್ಟವಳು. ಈಗ ನನ್ನದೇ ಭಾಷೆಯನ್ನು ಅವರ ಬಾಯಿಂದ ಕೇಳಿದೆ.

ಆ ತಿಂಗಳ ಕೊನೆಯಲ್ಲಿ ವಿಶೇಷ ತೆರೆದ ಸಭೆ ಇತ್ತು. ‘ನೌಕರರ ಮಾತು ಕೇಳುವ ಸಂಸ್ಥೆ’ ಎಂಬ ಪ್ರಶಸ್ತಿಗೆ ನಮ್ಮನ್ನು ಪರಿಶೀಲಿಸಲು ಮೂವರು ಬಂದಿದ್ದರು. ಮನದಳತೆಯ ಸಾರಾಂಶವನ್ನು ನಾನೇ ಓದಬೇಕೆಂದು ಏರ್ಪಾಡಾಗಿತ್ತು. ಎದ್ದು ನಿಂತೆ. ಸಾರಾಂಶ ಮಡಿಸಿ ಕುರ್ಚಿಯ ಮೇಲಿಟ್ಟು, ಮೇ ತಿಂಗಳ ಮಾತನ್ನು ಬರೆದವರ ಪದಗಳಲ್ಲೇ ಓದಿದೆ. ಜೂನಿನದನ್ನು ಓದಿದೆ. ಜುಲೈಯ ಒಂದು ಸಾಲನ್ನು ಓದಿದೆ. ಪ್ರತಿಯೊಂದರ ನಂತರ ನಾನು ಅದನ್ನು ಯಾವ ವಾಕ್ಯವಾಗಿ ಬದಲಿಸಿದ್ದೆನೆಂದು ಹೇಳಿದೆ. ಕೊನೆಗೆ ವಿಠ್ಠಲ ಬಾಕಳೆಯವರ ಹಾಳೆ ಓದಿದೆ.

ಇಂದುಧರ ಅವರು ನಗುಮುಖದಿಂದ ಎದ್ದರು. “ನೋಡ್ರಿ, ಇದು ನಮ್ಮ ಸಂಸ್ಥಾದ ಸಂಸ್ಕೃತಿ. ಇಲ್ಲಿ ಯಾರಿಗೂ ಅಂಜಿಕಿ ಇಲ್ಲ,” ಎಂದು ಪರಿಶೀಲಕರ ಕಡೆ ತಿರುಗಿ ಚಪ್ಪಾಳೆ ತಟ್ಟತೊಡಗಿದರು. ಸುತ್ತ ಎಲ್ಲರೂ ತಟ್ಟಿದರು.

“ಚಪ್ಪಾಳಿ ಬ್ಯಾಡ್ರಿ ಸಾಹೇಬರ,” ಎಂದೆ. “ಇಪ್ಪತ್ತು ಸೆಕೆಂಡ್ ಯಾವತ್ತಿಂದ ಮಾಡ್ತೀರಿ, ಅದನ್ನ ಹೇಳ್ರಿ.”

ಅವರು ಪರಿಶೀಲಕರಿಗೆ ಊಟದ ಹೊತ್ತಾಯಿತೆಂದು ನೆನಪಿಸಿದರು. ಸಭೆ ಮುಗಿಯಿತು.

ಮುಂದಿನದನ್ನು ಮಾಡಿದವರು ಪರೀಕ್ಷಾ ಕೋಣೆಯ ಹನ್ನೊಂದು ಮಂದಿ, ಫಕ್ಕೀರೇಶನ ಹಳೆಯ ಜೊತೆಗಾರರು. ಯಂತ್ರ ಸರಿಯಿದೆ ಎಂದು ಅವರು ವಾರಕ್ಕೊಮ್ಮೆ ಒಪ್ಪಿಗೆಯ ಮುದ್ರೆ ಒತ್ತಬೇಕು; ಅದಿಲ್ಲದೆ ಸರ್ಕಾರ ಯಂತ್ರ ನಡೆಸಲು ಬಿಡುವುದಿಲ್ಲ. ಆ ವಾರ ಯಾರೂ ಒತ್ತಲಿಲ್ಲ. ಒಬ್ಬೊಬ್ಬರನ್ನೇ ಕರೆಸಿ ಮಾತಾಡಿದರು, ಸಿಹಿ ಹಂಚಿದರು, ಬಡ್ತಿಯ ಮಾತೂ ಬಂತು. ಹನ್ನೊಂದೂ ಮಂದಿ ಇಪ್ಪತ್ತು ಸೆಕೆಂಡು ಎಂದಷ್ಟೇ ಹೇಳಿದರು. ಆರನೆಯ ದಿನ ಮಧ್ಯಾಹ್ನ ಕಾಯುವ ಹೊತ್ತು ಎಂಟರಿಂದ ಇಪ್ಪತ್ತಕ್ಕೆ ಮರಳಿತು. ‘ಮುಂದಾಳುಗಳ ದೂರದೃಷ್ಟಿಯಿಂದ ಮಹತ್ವದ ಸುಧಾರಣೆ’ ಎಂಬ ಪ್ರಕಟಣೆ ಹೊರಟಿತು. ಅದರಲ್ಲಿ ಫಕ್ಕೀರೇಶನ ಹೆಸರಿರಲಿಲ್ಲ, ಬಾಕಳೆಯವರದ್ದೂ ಇರಲಿಲ್ಲ.

ಪ್ರಶಸ್ತಿ ಬಂತು. ಫಕ್ಕೀರೇಶ ಕೆಲಸ ಬಿಟ್ಟು, ಈಗ ಮುಂಡರಗಿಯಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಕಲಿಸುತ್ತಾನೆ. ನನ್ನನ್ನು ಕಡತಗಳ ಕೋಣೆಗೆ ಹಾಕಿದರು, ಹೋದ ತಿಂಗಳು ನಾನೇ ಹೊರಬಿದ್ದೆ. ಹೊರಡುವ ಮೊದಲು ಆ ನಾಲ್ಕು ದಾಖಲೆಗಳಲ್ಲಿ ‘ಮೌನ ಕರೆ’ ಎಂಬುದನ್ನು ಹೊಡೆದು ‘ಕರೆದವರು ಮಾತಾಡುತ್ತಿದ್ದರು’ ಎಂದು ತಿದ್ದಿದೆ. ತಿದ್ದಿದ ಪ್ರತಿಯನ್ನು ಬೆಟಗೇರಿಗೆ ಒಯ್ದು ಕೊಟ್ಟೆ. ವಿಠ್ಠಲ ಅವರು ಅದನ್ನು ಎರಡು ಸಲ ಓದಿ, ಹೆಂಡತಿಗೆ ತೋರಿಸಲು ಒಳಗೆ ಹೋದರು. ರುಕ್ಮಾಬಾಯಿ ಎಡಗೈಯಲ್ಲಿ ಲಾಳಿ ಹಿಡಿಯಲು ಕಲಿಯುತ್ತಿದ್ದರು. ಇಬ್ಬರೂ ನನಗೆ ಕೂರಿ ಎನ್ನಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ.

ಈಗ ಮನದಳತೆಯ ಆ ನಾಲ್ಕು ಸಾಲುಗಳು ಹೆಚ್ಚಾಗಿ ಖಾಲಿಯೇ ಬರುತ್ತವೆಂದು ಅಲ್ಲಿನ ಗೆಳತಿಯರು ಹೇಳುತ್ತಾರೆ. ಸಂತೋಷದ ಅಂಕ ತೊಂಬತ್ತಾರಕ್ಕೆ ಏರಿದೆಯಂತೆ.

ನೀವು ಈ ಕಾಗದ ಓದುವ ವಾರದಲ್ಲಿ ನಿಮ್ಮ ಕಚೇರಿಯಲ್ಲೂ ಪ್ರಶ್ನಾವಳಿ ಬಂದಿರಬಹುದು. ಅದನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ನಿಮ್ಮಲ್ಲಿ ಅದನ್ನು ಓದಿ ಸಾರಾಂಶ ಬರೆಯುವ ಒಬ್ಬರಿರುತ್ತಾರೆ, ಒಳ್ಳೆಯವರೇ ಆಗಿರುತ್ತಾರೆ, ನನ್ನ ಹಾಗೆ ನಿಯಮ ಪಾಲಿಸುವವರು. ಈ ಕಾಗದವನ್ನು ಅವರಿಗೆ ಕೊಡಿ. ಯಾರಾದರೂ ಒಂದೇ ಮಾತನ್ನು ಎರಡನೆಯ ಸಲ ಬರೆದಿದ್ದರೆ ಅದನ್ನು ಯಾವ ಖಾನೆಗೂ ಹಾಕಬೇಡಿ, ಎದ್ದು ಹೋಗಿ ಬರೆದವರನ್ನು ಹುಡುಕಿ ಎಂದು ಹೇಳಿ. ನನ್ನ ಗೂಡಿನಿಂದ ಫಕ್ಕೀರೇಶನ ಕೋಣೆಗೆ ನಲವತ್ತು ಹೆಜ್ಜೆ ಇತ್ತು.

ಇಂತಿ,
ನೀಲಗಂಗಾ ಹೊಸಮನಿ