ನಿನ್ನ ಅಮ್ಮಿಯ ಚಾಕು

ಬ್ಯಾಡಗಿ,
೧೮-೨-೨೦೨೫

ನನ್ನ ಮುದ್ದಿನ ಮಗಳು ಹುಮಾಗೆ,

ನಿನ್ನ ಅಬ್ಬಾ ಇಸಾಕಸಾಬನ ಸಲಾಮು ಮತ್ತು ದುವಾ. ನೀನು, ಅಳಿಯಂದಿರು, ಮಕ್ಕಳು ಮಿರಜದಲ್ಲಿ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಸಣ್ಣವಳ ಕೆಮ್ಮು ಕಡಿಮೆಯಾಯಿತೇ? ನಿನ್ನ ಸೊಂಟನೋವು ಹೇಗಿದೆ? ಇಲ್ಲಿ ನಿನ್ನ ಅಣ್ಣ ಕೈಸರ ಮೆಣಸಿನಕಾಯಿ ಹಂಗಾಮಿನಲ್ಲಿ ಚೀಲ ಸಾಗಿಸುವ ಗಾಡಿ ಓಡಿಸಿ ದಿನಾ ಸೀನುತ್ತಲೇ ಮನೆಗೆ ಬರುತ್ತಾನೆ. ಅತ್ತಿಗೆ ಅಲ್ಮಾಸ ಚೆನ್ನಾಗಿದ್ದಾಳೆ. ಫೋನಿದ್ದೂ ಮುದುಕ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಫೋನಿನಲ್ಲಿ ಮಾತಾಡುವಾಗ ನಿನ್ನ ಅಮ್ಮಿ ಪಕ್ಕದಲ್ಲೇ ಕುಳಿತಿರುತ್ತಾಳೆ. ಅವಳ ಎದುರಿಗೇ ಅವಳ ಸುದ್ದಿ ಹೇಳಲು ನನ್ನಿಂದ ಆಗದು. ಮನೆಮಾತು ಉರ್ದುವಾದರೂ ಬರೆಯಲು ನನ್ನ ಕೈ ಓಡುವುದು ಸಾಲಿಯಲ್ಲಿ ಕಲಿತ ಕನ್ನಡದಲ್ಲೇ. ನಿನ್ನದೂ ಅಷ್ಟೇ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಸಾಣೆ ಹಿಡಿಯುವವನ ಮಗಳಾಗಿ, ಚಾಕು ಮಸೆಯಲು ಏನು ತರಲಿ ಎಂದು ಕೇಳುತ್ತೀಯಲ್ಲ, ನಾಚಿಕೆಯಾಗಬೇಕು ನಿನಗೆ! ಸಂದಿಯಲ್ಲಿ ಚಾಕು ತೂರಿಸಿ ಎಳೆಯುವ ಆ ಅಂಗಡಿಯ ಡಬ್ಬಿ ಬೇಡ. ಅದು ಮಸೆಯುವುದಿಲ್ಲ, ಹೆರೆಯುತ್ತದೆ. ಕರೆಂಟಿನ ಗಾಲಿಯವನ ಕೈಗಂತೂ ಕೊಡಲೇಬೇಡ. ಅವಸರದಲ್ಲಿ ಒತ್ತಿ ಹಿಡಿದು ಅಲಗು ನೀಲಿಗಟ್ಟಿಸಿದನೆಂದರೆ ಅದರ ಹದ ಹೋದಂತೆಯೇ. ಆಮೇಲೆ ಎಷ್ಟು ಮಸೆದರೂ ವಾರದಲ್ಲಿ ಮೊಂಡು. ಒಂದು ಮಗ್ಗುಲು ಒರಟು, ಇನ್ನೊಂದು ಮಗ್ಗುಲು ನುಣುಪು ಇರುವ ಕಲ್ಲು ತೆಗೆದುಕೋ. ನೀರಲ್ಲಿ ನೆನೆಸಿಡು, ಕೆಳಗೆ ಒದ್ದೆ ಅರಿವೆ ಹಾಸು, ಚಾಕಿನ ಬೆನ್ನಿನ ಕೆಳಗೆ ಕಿರುಬೆರಳ ತುದಿ ತೂರುವಷ್ಟು ಎತ್ತಿ ಹಿಡಿದು ಎಳೆ. ಸಿಟ್ಟು ಬಂದಾಗ ರೊಟ್ಟಿ ಬಡಿದ ಹಾಗೆ ಮಾಡಬೇಡ, ಮೆತ್ತಗೆ. ಟೊಮೆಟೊ ಸಿಪ್ಪೆಯ ಮೇಲಿಟ್ಟರೆ ಜಾರದೆ ಕಚ್ಚಿತೆಂದರೆ ಸಾಕು. ಕಲ್ಲು ಸಿಗುವ ತನಕ ಪಿಂಗಾಣಿ ಕಪ್ಪಿನ ತಳದ ಒರಟು ಅಂಚೂ ನಡೆಯುತ್ತದೆ. ಅದನ್ನು ನನಗೆ ತೋರಿಸಿಕೊಟ್ಟವಳು ನಿನ್ನ ಅಮ್ಮಿಯೇ.

ಅವಳ ಚಾಕು ನಿನಗೆ ನೆನಪಿದೆಯಲ್ಲ? ಮೋಟೆಬೆನ್ನೂರಿನ ತವರಿನಿಂದ ತಂದದ್ದು, ಅವಳ ತಾಯಿ ಬಳಸಿದ್ದು. ನಾನು ಸೈಕಲ್ಲಿಗೆ ಗಾಲಿ ಕಟ್ಟಿಕೊಂಡು ರಾಣೆಬೆನ್ನೂರು, ಕುಪ್ಪೇಲೂರು ಎಂದು ಸುತ್ತಿ ಊರವರ ಈಳಿಗೆ, ಕತ್ತರಿಗಳಿಗೆಲ್ಲ ಸಾಣೆ ಹಿಡಿದು ಬರುತ್ತಿದ್ದೆ. ಆದರೆ ಆ ಒಂದು ಚಾಕನ್ನು ಅವಳು ನನ್ನ ಕೈಗೆ ಕೊಟ್ಟವಳೇ ಅಲ್ಲ. ಪಕ್ಕದ ಮನೆಯ ಭರಮವ್ವನ ಮುಂದೆ, ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳುತ್ತಿದ್ದಳು: "ನಮ್ಮನಿಯವರ ಗಾಲಿಗೆ ಕೊಟ್ರ ನಮ್ಮವ್ವನ ಚಾಕು ಎರಡ ವರ್ಷದಾಗ ಸೂಜಿ ಆಗ್ತೈತಿ." ಹಿತ್ತಲ ಬಾಗಿಲ ಮೆಟ್ಟಿಲಿನ ಕಲ್ಲಿಗೆ ನೀರು ಚಿಮುಕಿಸಿ ತಾನೇ ಮಸೆದುಕೊಳ್ಳುತ್ತಿದ್ದಳು. ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ನೀವು ಮಕ್ಕಳು ಅವಳ ಕಡೆ ಸೇರಿಕೊಂಡು ನಗುತ್ತಿದ್ದಿರಿ.

ಅವಳ ಮರೆವಿನ ಸುದ್ದಿ ನಿನಗೆ ಅರ್ಧ ಗೊತ್ತು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದು ಗೊತ್ತು. ನಿನಗೆ ಹೇಳದೆ ಇದ್ದದ್ದು ಏನೆಂದರೆ, ಹೋದ ತಿಂಗಳು ಹಿಡಿಕೆ ಎಂದುಕೊಂಡು ಅಲಗನ್ನೇ ಹಿಡಿದುಬಿಟ್ಟಳು. ಅಂಗೈ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಈಗ ಗಾಯ ಮಾಯ್ದಿದೆ, ಗಾಬರಿಯಾಗಬೇಡ. ಅಲ್ಮಾಸ ಹೆದರಿ ಚಾಕನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು. ಅಮ್ಮಿ ಮನೆಯೆಲ್ಲ ತಡಕಾಡಿದಳು, ತಾಯಿಯ ಚಾಕು ಯಾರೋ ಕದ್ದರೆಂದು ಅತ್ತಳು, ಊಟ ಬಿಟ್ಟಳು. ಆಗ ಭರಮವ್ವನೇ ಬಂದು, "ಕಸ್ಗೋಬ್ಯಾಡ್ರಿ ಸಾಹೇಬ್ರ. ಎಲ್ಲಾ ಮರತಾಳ, ಅದೊಂದಾದ್ರೂ ಕೈಯಾಗ ಇರ್ಲಿ" ಎಂದಳು. ಸರಿ ಎಂದು ನಾನು ಚಾಕು ತೆಗೆದುಕೊಂಡು ಗಾಲಿಯ ಮುಂದೆ ಕುಳಿತೆ. ಅಲಗಿನ ಬಾಯನ್ನು ಗಾಲಿಯ ಕಲ್ಲಿಗೆ ನೆಟ್ಟಗೆ ಹಿಡಿದು ಮೊಂಡು ಮಾಡಿದೆ. ಮಗಳೇ, ಇಷ್ಟು ವರ್ಷದಲ್ಲಿ ಈ ಕೆಲಸವನ್ನು ನಾನು ಮಾಡಿರಲಿಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಯಾರನ್ನು ಮರೆತರೂ ಅವಳು ಆ ಮೆಟ್ಟಿಲ ಕಲ್ಲನ್ನು ಮರೆತಿಲ್ಲ. ಬೆಳಿಗ್ಗೆ ಎದ್ದವಳೇ ನೀರು ಚಿಮುಕಿಸಿ ಮಸೆಯುತ್ತಾಳೆ, ಅದೇ ಹದ, ಅದೇ ಓಟ. ಮಧ್ಯಾಹ್ನದೊಳಗೆ ಚಾಕು ಮತ್ತೆ ಹರಿತ. ಅವಳು ಊಟ ಮಾಡಿ ಅಡ್ಡಾದಾಗ ನಾನು ಕದ್ದು ತಂದು ಮತ್ತೆ ಮೊಂಡು ಮಾಡುತ್ತೇನೆ. ಹೀಗೆ ಇಬ್ಬರೂ ಸೇರಿ ಅದನ್ನು ತಿನ್ನುತ್ತಿದ್ದೇವೆ. ಅಲಗು ಈಗ ಬೆರಳಗಲವೂ ಉಳಿದಿಲ್ಲ. ಅವಳು ಯಾವುದಕ್ಕೆ ಹೆದರಿ ನನ್ನ ಕೈಗೆ ಕೊಡಲಿಲ್ಲವೋ ಅದೇ ನನ್ನ ಕೈಯಿಂದ ಆಗುತ್ತಿದೆ.

ಕಳೆದ ಶುಕ್ರವಾರ ನಮಾಜು ಮುಗಿಸಿ ಬಂದು, ಅವಳು ಅಡ್ಡಾದಾಗ ಚಾಕು ಮೊಂಡು ಮಾಡಿಟ್ಟು, ಮುಂದಿನ ಕಟ್ಟೆಯ ಮೇಲೆ ಗಾಲಿ ಇಟ್ಟುಕೊಂಡು ಕುಳಿತಿದ್ದೆ. ಮಾರ್ಕೆಟ್ಟಿನ ಹಮಾಲರು ಚೀಲದ ಹುರಿ ಕೊಯ್ಯುವ ಚಾಕುಗಳನ್ನು ಕೊಟ್ಟುಹೋಗಿದ್ದರು. ಅಮ್ಮಿ ಬಾಗಿಲಿಗೆ ಬಂದಳು. ಹೊರಗಿನ ಗಂಡಸರ ಮುಂದೆ ಹೊದೆಯುವಂತೆ ತಲೆತುಂಬ ಸೆರಗು ಹೊದ್ದಿದ್ದಳು. ಚಾಕನ್ನು ನೆಲದ ಮೇಲಿಟ್ಟು ಸರಿದು ನಿಂತಳು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆ ಎನ್ನುವವಳಲ್ಲವೇ. ಆಮೇಲೆ ಮಾತಾಡಿದಳು, ಕನ್ನಡದಲ್ಲಿ. ಮದುವೆಯಾದಂದಿನಿಂದ ಅವಳು ನನ್ನ ಜೊತೆ ಕನ್ನಡ ಮಾತಾಡಿದವಳಲ್ಲ. ಅದು ಓಣಿಯವರಿಗೆ, ಸಂತೆಯವರಿಗೆ.

"ಸಾಣೇದವರ, ಇದಕ್ಕೊಂದೀಟು ಸಾಣಿ ಹಿಡೀರಿ. ಉಳ್ಳಾಗಡ್ಡಿ ಹರೀವಲ್ದು. ನಮ್ಮನಿಯವರು ಊರಿಗೆ ಹೋಗ್ಯಾರ, ಅವರು ಬರೋದ್ರಾಗ ಮುಗಸ್ರಿ. ಅವರ ಕೈಯಾಗ ಒಂದಿನಾನೂ ಕೊಟ್ಟಿಲ್ಲರಿ. ಬ್ಯಾರೇದವರಿಗೆ ಕೊಟ್ಟೇನಿ ಅಂತ ತಿಳಿದ್ರ ಭಾಳ ನೊಂದ್ಕೋತಾರ."

"ಆತ್ರಿ ಅಕ್ಕಾರ, ಲಗೂ ಮುಗಸ್ತೇನಿ" ಎಂದೆ. ನನ್ನ ಬಾಯಿಂದಲೇ ಆ ಮಾತು ಬಂತು.

ಗಾಲಿಗೆ ಹಿಡಿಯಲು ಮನಸ್ಸಾಗಲಿಲ್ಲ. ಸುತ್ತುಹಾಕಿ ಹಿತ್ತಲಿಗೆ ಹೋಗಿ ಅವಳ ಕಲ್ಲಿನ ಮೇಲೆಯೇ ನೀರು ಚಿಮುಕಿಸಿ ಮಸೆದೆ. ಅವಳ ಕೈ ಓಡಿ ಓಡಿ ಆದ ತಗ್ಗಿನಲ್ಲಿ ಅಲಗು ತಾನಾಗಿಯೇ ಕುಳಿತುಕೊಂಡಿತು. ಅಷ್ಟು ಒಳ್ಳೆಯ ಸಾಣೆಯನ್ನು ನಾನು ಯಾರಿಗೂ ಹಿಡಿದುಕೊಟ್ಟಿಲ್ಲ. ಆಮೇಲೆ ಅಲ್ಮಾಸ ಅವಳ ಮಣಿಕಟ್ಟಿನ ಹತ್ತಿರ ತನ್ನ ಕೈ ಇಟ್ಟುಕೊಂಡೇ ಅವಳಿಂದ ಉಳ್ಳಾಗಡ್ಡಿ ಹೆಚ್ಚಿಸಿದಳು. ಅಡುಗೆಮನೆಗೆ ಪರಗಂಡಸು ಹೋಗುವಂತಿಲ್ಲವಲ್ಲ, ನಾನು ಹೊರಗೆ ನಿಂತು ಆ ಸಪ್ಪಳ ಕೇಳಿದೆ. ಅಳು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಮ್ಮಿ, "ಸಾಣೇದವರಿಗೆ ಚಹಾ ಕೊಡವಾ, ಪಾಪ, ಬಿಸಿಲಾಗ ಬಂದಾರ" ಎಂದಳು. ಕಟ್ಟೆಯ ಮೇಲೆ ಕುಳಿತು ಕುಡಿದೆ.

ಅಳಿಯಂದಿರಿಗೆ ಸಲಾಮು ಹೇಳು. ಮಕ್ಕಳ ಹಣೆಗೆ ನನ್ನ ಪರವಾಗಿ ಮುತ್ತು ಕೊಡು. ನಿಮ್ಮ ಮನೆಯ ಒಲೆ ತಣ್ಣಗಾಗದಂತೆ ಅಲ್ಲಾಹ ಕಾಪಾಡಲಿ.

ನಿನ್ನ ಅಬ್ಬಾ,
ಇಸಾಕಸಾಬ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು ಬರೆದುಬಿಡುತ್ತೇನೆ. ಮೇ ರಜೆಯ ತನಕ ಕಾಯಬೇಡ, ಈ ವಾರವೇ ಬಾ. ಹುಮಾ ಸಾಲಿಯಿಂದ ಬಂದಳೇ ಎಂದು ಅಮ್ಮಿ ನಿನ್ನೆಯೂ ಕೇಳಿದಳು, ನಿನ್ನ ಹೆಸರು ಇನ್ನೂ ಬಾಯಲ್ಲಿದೆ. ಬಂದಾಗ ಸೀದಾ ಒಳಗೆ ನುಗ್ಗಬೇಡ. ಬಾಗಿಲಲ್ಲಿ ನಿಂತು "ಅಮ್ಮಿ" ಎಂದು ಕರೆ. ಉರ್ದುವಿನಲ್ಲಿ ಓಗೊಟ್ಟರೆ ಓಡಿಹೋಗಿ ಅವಳ ತೊಡೆಯ ಮೇಲೆ ತಲೆಯಿಡು. "ಯಾರವಾ, ಯಾರು ಬೇಕಾಗಿತ್ತು?" ಎಂದರೆ ಅಲ್ಲಿ ಅಳಬೇಡ, ಕಟ್ಟೆಗೆ ಬಂದುಬಿಡು. ನನ್ನ ಪಕ್ಕದಲ್ಲಿ ಜಾಗ ಇದೆ.