ಡಬ್ಬಿಯೊಳಗಿನ ಬಿಳಿ ಗುಳಗಿ

೯ ನವೆಂಬರ್ ೨೦೧೦, ಬನಹಟ್ಟಿ

ಇವತ್ತು ನಲವತ್ತೆರಡು ಮನೆ. ಕಾಲು ಸೋತುಹೋಗಿವೆ. ನರರೋಗದ ಸರ್ವೆ — ಲಕ್ವಾ, ಫಿಟ್ಸ್, ಕೈನಡುಕ, ಮರೆವು. ಒಂದೊಂದಕ್ಕೂ ಒಂದು ಕಾಲಮ್. ಜಮಖಂಡಿಯ ಟ್ರೇನಿಂಗಿನಲ್ಲಿ ಡಾಕ್ಟರು ಹೇಳಿದ್ದರು, ಜಗತ್ತಿನ ತುಂಬ ಮಂದಿಯನ್ನು ಮೂಲೆಗೆ ಕೂಡಿಸುವುದರಲ್ಲಿ ಈ ರೋಗಗಳೇ ಮುಂದು ಅಂತ. ಫಿಟ್ಸ್ ಇದ್ದ ನೂರು ಮಂದಿಯಲ್ಲಿ ಎಪ್ಪತ್ತು ಮಂದಿ ದಿನಾ ಗುಳಗಿ ನುಂಗಿದರೆ ಆರಾಮ ಇರಬಹುದಂತೆ. "ಆದ್ರ ಮುಚ್ಚಿಡ್ತಾರ. ಹುಡುಕಿ ತಗೀರಿ ಸಿಸ್ಟರ್." ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವಳು ನಾನೇ.

ಸಾತವ್ವನ ಸೊಸೆಗೆ ಫಿಟ್ಸ್ ಇರುವ ಸುದ್ದಿ ಹೊರಬೀಳಲು ಅರ್ಧ ತಾಸು ಹಿಡಿಯಿತು. "ಮುಚ್ಚಿಟ್ರ ಹೋಗ್ತೈತೇನ ಸಾತವ್ವ? ಕೈಯಾಗ ಕೀಲಿ ಹಿಡಿಸಿ ಉಳ್ಳಾಗಡ್ಡಿ ಮೂಸಿಸಿದ್ರ ಆಗೂದಿಲ್ಲ. ಗುಳಗಿ ಬೇಕು" ಎಂದು ಗದರಿದೆ. ಅತ್ತುಬಿಟ್ಟಳು, ಪಾಪ. ಬರೆದುಕೊಂಡೆ.

ಕೊನೆಗೆ ನಮ್ಮದೇ ಮನೆ. ರುಕ್ಮವ್ವ, ತಾಯಿ, ೬೧. ನಂದಾ, ನಾನು, ೩೪. ಸರಿತಾ, ತಂಗಿ, ೨೨. ಫಿಟ್ಸ್ — ಇಲ್ಲ.

೧೦ ನವೆಂಬರ್

ನಿನ್ನೆ ಬರೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಏನು ಮಾಡಲಿ... ಸರಿತಾಳಿಗೆ ಮುಧೋಳದ ಸಂಬಂಧ ಕೂಡಿಬಂದಿದೆ. ಹುಡುಗ ಸುಭಾಷ್, ಸಕ್ಕರೆ ಕಾರ್ಖಾನೆಯಲ್ಲಿ ಕ್ಲರ್ಕ್. ಮನೆಯಲ್ಲಿ ತಾಯಿ ರತ್ನಾಬಾಯಿ ಒಬ್ಬರೇ.

ಹನ್ನೊಂದು ವರ್ಷದ ಹಿಂದೆ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಪಡಸಾಲೆಯಲ್ಲಿ ಮಗ್ಗದ ಕಂಡಕಿಗೆ ನೂಲು ಸುತ್ತುತ್ತಿದ್ದ ಸರಿತಾ ಅವರೆದುರೇ ಫಿಟ್ಸ್ ಬಂದು ಬಿದ್ದಳು. ಹುಡುಗನ ತಾಯಿ ಚಹಾ ಬಿಟ್ಟು ಎದ್ದಳು. "ಈ ಮನಿ ರಕ್ತನ ಸರಿ ಇಲ್ಲ." ಆಮೇಲೆ ಯಾರೂ ನನ್ನನ್ನು ನೋಡಲು ಬರಲಿಲ್ಲ. ನನಗಾದದ್ದು ಅವಳಿಗೆ ಆಗಬಾರದು. ಮೂರು ವರ್ಷದಿಂದ ಗುಳಗಿ ತಪ್ಪಿಸಿಲ್ಲ, ಒಮ್ಮೆಯೂ ಬಿದ್ದಿಲ್ಲ. ಇಲ್ಲ ಅಂದರೆ ಸುಳ್ಳು ಹೇಗಾಗುತ್ತದೆ?

ಆಗುತ್ತದೆ. ನನಗೆ ಗೊತ್ತು.

೫ ಡಿಸೆಂಬರ್

ಲಗ್ನ ಆಯಿತು. ದೇವರು ದೊಡ್ಡವನು.

ಕಳಿಸುವ ಮುಂಚೆ ಅವಳ ಬಿಳಿ ಗುಳಗಿಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿದೆ. ಮೇಲೆ ಚೀಟಿ ಅಂಟಿಸಿದೆ — "ರಕ್ತ ಹೆಚ್ಚಾಗುವ ಗುಳಗಿ. ದಿನಾ ರಾತ್ರಿ ಒಂದು." ಬೀಗರ ಮನೆಯಲ್ಲಿ ಕೇಳಿದರೆ ರಕ್ತ ಕಡಿಮೆ ಅಂತ ಹೇಳುವುದು. ನರ್ಸಬಾಯಿ ಅಕ್ಕ ಇದ್ದಾಳೆ, ಯಾರಿಗೆ ಅನುಮಾನ? ತಿಂಗಳಿಗೊಮ್ಮೆ ನಾನೇ ತುಂಬಿಕೊಡುತ್ತೇನೆ.

"ಅಕ್ಕಾ, ನಾನ ಹೇಳಿಬಿಡ್ಲ್ಯಾ? ಅತ್ತಿ ಛಲೋ ಮನಶ್ಯಾಳ ಅನಸ್ತೈತಿ" ಎಂದಳು ಸರಿತಾ.

"ಹುಚ್ಚಿ, ಒಂದ ಕೂಸು ಆಗ್ಲಿ. ಆಮ್ಯಾಲ ಯಾರೂ ಹೊರಗ ಹಾಕೂದಿಲ್ಲ." ಅವ್ವನ ಮೇಲೆ ಆಣೆ ಹಾಕಿಸಿದೆ.

೧೭ ಫೆಬ್ರವರಿ ೨೦೧೧

ಮಧ್ಯಾಹ್ನ ಸರಿತಾಳ ಫೋನ್. ರತ್ನಾಬಾಯಿ ಡಬ್ಬಿ ತೆಗೆದು ನೋಡಿದರಂತೆ. "ಸರಕಾರದ ರಕ್ತದ ಗುಳಗಿ ಕೆಂಪಗ ಇರ್ತಾವ. ಇವು ಬೆಳ್ಳಗ ಆಗ್ಯಾವ, ಹಳೇವು" ಎಂದು ಬಚ್ಚಲಿಗೆ ಚೆಲ್ಲಿ, ತಮ್ಮ ಓಣಿಯ ಸಿಸ್ಟರಿಂದ ಹೊಸ ಕೆಂಪು ಗುಳಗಿ ತಂದು ಅದೇ ಡಬ್ಬಿಗೆ ತುಂಬಿದ್ದಾರೆ. ದಿನಾ ಊಟವಾದ ಮೇಲೆ ಸೊಸೆಗೆ ಎದುರು ನಿಂತು ನುಂಗಿಸುತ್ತಾರೆ. ಇಂಥ ಅತ್ತೆ ಎಷ್ಟು ಮಂದಿಗೆ ಸಿಗುತ್ತಾರೆ!

"ಎರಡ ದಿನ ಆತು ಅಕ್ಕಾ. ಹೇಳ್ಲ್ಯಾ?"

"ಬ್ಯಾಡ. ನಾ ತಂದ ಕೊಡ್ತೇನಿ."

ಗುಳಗಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮತ್ತೆ ಬರುತ್ತದೆ ಅಂತ ಸಾತವ್ವನಿಗೆ ಪಾಠ ಹೇಳಿದವಳು ನಾನು.

೧೯ ಫೆಬ್ರವರಿ

ಹೋಗಲಾಗಲಿಲ್ಲ. ೨೭ಕ್ಕೆ ಪೋಲಿಯೋ. ಮೀಟಿಂಗ್, ಬೂತ್ ಲಿಸ್ಟ್...

೨೨ ಫೆಬ್ರವರಿ

ಖರೆ ಬರೆಯುತ್ತೇನೆ. ಪೋಲಿಯೋ ಒಂದು ನೆವ. ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಬಸ್ಸು ಎಷ್ಟು ಹೊತ್ತಿನದು! ಸಂಜೆ ಹೋಗಿ ಬರಬಹುದಿತ್ತು. ವಾರದ ನಡುವೆ ಯಾಕೆ ಬಂದಿ ಎಂದು ಬೀಗತಿ ಕೇಳಿದರೆ ಏನು ಹೇಳಲಿ ಅಂತ ಅಂಜಿ ಕೂತಿದ್ದೇನೆ. ಪೋಲಿಯೋ ಮುಗಿದ ಮರುದಿನ ಹೋಗುತ್ತೇನೆ.

೨೮ ಫೆಬ್ರವರಿ

ಮೊನ್ನೆ ಮುಂಜಾನೆ ಸರಿತಾ ರೊಟ್ಟಿ ಬಡಿಯುತ್ತಾ ಫಿಟ್ಸ್ ಬಂದು ಬಿದ್ದಿದ್ದಾಳೆ. ಎಡಗೈ ಕಾದ ಹಂಚಿನ ಮೇಲೆ. ರತ್ನಾಬಾಯಿ ಓಡಿಬರುವಷ್ಟರಲ್ಲಿ ಮೊಣಕೈವರೆಗೆ...

ಸುದ್ದಿ ಬಂದ ಕೂಡಲೇ ಓಡಿದೆ. ದವಾಖಾನೆಯಲ್ಲಿ ಡಾಕ್ಟರು ಕೇಳಿದರು: "ಹಿಂದ ಯಾವಾಗರೇ ಹಿಂಗಾಗಿತ್ತೇನು?" ಸುಭಾಷ್ ನನ್ನ ಕಡೆ ತಿರುಗಿದರು. "ನಮ್ಮ ಅಕ್ಕಾರು ಸಿಸ್ಟರ್ ಅದಾರ್ರೀ. ಅವರನ್ನ ಕೇಳ್ರಿ."

ಕಾಟಿನ ಮೇಲೆ ಸರಿತಾ ಕಣ್ಣು ಮುಚ್ಚಿ ಮಲಗಿದ್ದಳು. ಕೈ ತುಂಬ ಬ್ಯಾಂಡೇಜ್.

"ಇಲ್ರೀ ಸರ್. ಇದ ಮೊದಲನೇ ಸಲ."

ನನ್ನದೇ ಬಾಯಿ. ಥೂ.

೨ ಮಾರ್ಚ್

ಮೊದಲನೇ ಸಲ ಅಂದದ್ದಕ್ಕೆ ಡಾಕ್ಟರು ಫಿಟ್ಸಿನ ಗುಳಗಿ ಬರೆದಿಲ್ಲ. ಮತ್ತೊಮ್ಮೆ ಬಂದರೆ ನೋಡೋಣ ಎಂದು ಮನೆಗೆ ಕಳಿಸಿದ್ದಾರೆ. ಮುಂದಿನ ಸಲ ಒಲೆಯೋ ಬಾವಿಯೋ.

ರತ್ನಾಬಾಯಿ ಫೋನಿನಲ್ಲಿ ಅಳುತ್ತಿದ್ದರು. "ನಂದಾ, ನೀ ಕಲತಾಕಿ. ನಾ ಕೊಟ್ಟ ಗುಳಗಿಲೇನ ಹಿಂಗಾತೇನವ್ವ? ನನ್ನ ಕೈಲೇ ನುಂಗಿಸೇನಿ. ಇನ್ನ ಯಾವ ಗುಳಗೀನೂ ಕೊಡೂದಿಲ್ಲ ನಾ."

"ಹಂಗೇನಿಲ್ರೀ" ಎಂದೆ. ಅಷ್ಟೇ ಎಂದೆ. ಒಬ್ಬ ಒಳ್ಳೆಯ ಹೆಂಗಸು ನನ್ನ ಪಾಪ ಹೊತ್ತು ಅಳುತ್ತಿದ್ದರೆ ನಾನು ಲಸಿಕೆ ಬಾಕ್ಸಿಗೆ ಐಸ್ ತುಂಬುತ್ತಿದ್ದೆ.

೪ ಮಾರ್ಚ್, ಮುಧೋಳ. ಸಂಜೆ ೫

ರಜೆ ಹಾಕಿ ಬಂದೆ. ಹೇಳಿದೆ. ಹನ್ನೊಂದು ವರ್ಷದ್ದು, ಡಬ್ಬಿಯದು, ಚೀಟಿಯದು, ಆಣೆಯದು — ನಿಂತೇ ಹೇಳಿದೆ, ಕೂಡ್ರು ಎಂದರೂ ಕೂಡಲಿಲ್ಲ.

ಹೊರಗೆ ಹಾಕುತ್ತಾರೆ ಅಂದುಕೊಂಡಿದ್ದೆ. ರತ್ನಾಬಾಯಿ, "ನನಗ ಹೇಳಿದ್ರ ಆ ಬಿಳೀ ಗುಳಗೀನ ನಿಂತ ನುಂಗಸ್ತಿದ್ನೆಲ್ಲವಾ" ಎಂದು ಒಳಗೆ ಎದ್ದುಹೋದರು. ಸುಭಾಷ್ ನನ್ನಿಂದ ಸರಿತಾಳ ಹಳೇ ಔಷಧದ ಚೀಟಿ ಇಸಿದುಕೊಂಡು ಡಾಕ್ಟರ ಹತ್ತಿರ ಹೋಗಿದ್ದಾರೆ. ಈಗ ಗುಳಗಿ ಬರುತ್ತದೆ.

ಪಡಸಾಲೆಯಲ್ಲಿ ನಾವಿಬ್ಬರೇ ಇದ್ದಾಗ "ತಪ್ಪಾತವ್ವ" ಎಂದೆ. ಸರಿತಾ ನನ್ನನ್ನು ನೋಡಲಿಲ್ಲ.

"ದವಾಖಾನ್ಯಾಗ ನನಗ ಎಚ್ಚರ ಇತ್ತು ಅಕ್ಕಾ. ಡಾಕ್ಟರ್ ಕೇಳಿದಾಗ ಬೇಕಂತನ ಕಣ್ಣ ಮುಚ್ಚಕೊಂಡಿದ್ದೆ. ಈಗರೇ ಹೇಳ್ತಿ ಅಂತ."

ಅವಳ ಬಲಗೈ ಹಿಡಿಯಲು ಹೋದೆ. ಅವಳು ಕೈ ಎಳೆದುಕೊಂಡು, ಎದ್ದು ಅತ್ತೆಯ ಹತ್ತಿರ ಒಳಗೆ ಹೋದಳು.