ಡಾಟಿಗೆ ನಾನು ಕಲಿಸದ ಪಾಠ

ಫೆಬ್ರವರಿ 3, ಸೋಮವಾರ

ಬೆಳಗ್ಗೆ ಮೀನಿನ ಕೋಣೆ. ಐಸ್ ನೀರಲ್ಲಿ ಕೈ ಮರಗಟ್ಟಿಹೋಯ್ತು. ಹೊಟ್ಟೆ ಒಡೆದ ಮೀನು ಆರಿಸಿ ಬಿಸಾಕಿ, ಒಳ್ಳೆಯದನ್ನ ನಮ್ಮ ಮುದಿ ಡಾಲ್ಫಿನ್ ಡಾಟಿಯ ಬಕೆಟ್‌ಗೆ ಹಾಕಿದೆ. ಎಂದಿನ ಹಾಗೆ.

ಎಂದಿನ ಹಾಗಲ್ಲದ್ದು ಆಮೇಲೆ ಆಯ್ತು. ಅಂಗೈ ಚಪ್ಪಟೆ ಮಾಡಿ ಹಿಡಿದೆ. ಹಿಡಿದರೆ ಅವಳು ನನ್ನ ಕಾಲ ಹತ್ತಿರ ಬಂದು ಹೊಟ್ಟೆ ಮೇಲೆ ಮಾಡಿ ತೇಲಬೇಕು. ಹದಿನೆಂಟು ವರ್ಷದಿಂದ ಅಷ್ಟೇ. ಇವತ್ತು ನನ್ನನ್ನೇ ನೋಡಿದಳು, ಯೋಚಿಸಿದಳು, ಸೀದಾ ಕಡಲ ಕೊಳದ ಮೂಡಣ ಮೂಲೆಗೆ ಹೋಗಿ ಹಲಗೆಯ ಡೆಕ್ ಪಕ್ಕ ಕೊರಡಿನ ಥರ ಬಿದ್ದುಕೊಂಡಳು. ಅಲುಗಾಟ ಇಲ್ಲ. ಯಾರೋ ಬರ್ತಾರೆ ಅನ್ನೋ ಥರ.

ನಾನು ಕಲಿಸಿದ್ದಲ್ಲ ಅದು. ಡಾಲ್ಫಿನ್‌ಗೆ ಗೊಂದಲ ಆದರೆ, ಇತ್ತೀಚೆಗೆ ಯಾವುದಕ್ಕೆ ಮೀನು ಸಿಕ್ಕಿತ್ತೋ ಅದನ್ನೇ ಮಾಡಿ ತೋರಿಸುತ್ತೆ. ಅಂದ್ರೆ ಆ ಮೂಲೆಯಲ್ಲಿ ಯಾರೋ ಅವಳಿಗೆ ಮೀನು ಕೊಡ್ತಿದ್ದಾರೆ. ನನ್ನ ಬೆನ್ನ ಹಿಂದೆ.

ಯಾರು ಅಂತ ಬೇರೆ ಹೇಳಬೇಕಾ. ಥ್ಯಾಡ್. ನವೆಂಬರ್‌ನಲ್ಲಿ ಉತ್ತರದ ದೊಡ್ಡ ಡಾಲ್ಫಿನ್ ಪಾರ್ಕ್‌ನಿಂದ ಬಂದ ಹೊಸ ಟ್ರೈನರ್. ಮೀನು ಕತ್ತರಿಸೋ ಕೆಲಸಕ್ಕೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಬರೋನು.

ಫೆಬ್ರವರಿ 4

ನಮ್ಮಲ್ಲಿ ಒಂದು ಪದ್ಧತಿ ಇದೆ. ನೀರಿಗೆ ಬಿದ್ದದ್ದು ಏನೇ ಇರಲಿ, ಡಾಲ್ಫಿನ್ ತಂದುಕೊಟ್ಟರೆ ಒಂದು ಮೀನು. ನುಂಗಿ ಸಾಯದಿರಲಿ ಅಂತ. ಡಾಟಿ ಇದರಲ್ಲಿ ಮಹಾ ಕಿಲಾಡಿ. ಒಮ್ಮೆ ಯಾರದೋ ಹುಲ್ಲಿನ ಟೋಪಿ ಸಿಕ್ಕಿದ್ದಕ್ಕೆ ಚೂರುಚೂರು ಹರಿದು, ಒಂದೊಂದೇ ಚೂರು ತಂದು, ಚೂರಿಗೊಂದು ಮೀನು ವಸೂಲಿ ಮಾಡಿದ್ದಳು.

ಇವತ್ತು ತಂದದ್ದು ನೀಲಿ ಕ್ಯಾನ್ವಾಸ್ ಪಟ್ಟಿ. ತುದಿಗೆ ಬಕಲ್. ಪ್ರವಾಸಿಗಳದ್ದಲ್ಲ. ಥ್ಯಾಡ್‌ಗೆ ತೋರಿಸಿದೆ.

"ಯಾವುದೋ ದೋಣಿದಿರಬೇಕು, ವರ್ನಾ ಮೇಡಂ" ಅಂದ. ಕಿವಿ ಕೆಂಪಗಾಯ್ತು. ನನ್ನ ಕಣ್ಣಿಗೆ ಅದು ತಪ್ಪಲಿಲ್ಲ.

ಗೇಟ್ ಹತ್ತಿರ ಕಾಫಿ ಕಿಟಕಿ ನಡೆಸೋ ಈನೆಸ್‌ಗೆ ಹೇಳಿದೆ. ನಕ್ಕಳು.

"ನಿನಗೆ ಗಾಳಿ ಮೇಲೂ ಗುಮಾನಿ ಕಣೇ. ಹೋದ ವರ್ಷ ಊಟದ ಡಬ್ಬಿ ಕದ್ದದ್ದು ಪೋಸ್ಟ್‌ಮ್ಯಾನ್ ಅಂದಿದ್ದೆ. ಕೊನೆಗೆ ನೋಡಿದ್ರೆ ದಪ್ಪ ಓತಿಕ್ಯಾತ, ಇಗ್ವಾನಾ."

"ಆ ಪೋಸ್ಟ್‌ಮ್ಯಾನ್ ಮುಖಾನೂ ಹಾಗೇ ಇದೆ ಬಿಡು" ಅಂದೆ.

ಫೆಬ್ರವರಿ 7, ಶುಕ್ರವಾರ

ಹನ್ನೊಂದು ಗಂಟೆ ಶೋನ ಪ್ರೇಕ್ಷಕರಿಗೆ ಪಾಠ ನನ್ನದು. ಮುಂದಿನ ಸಾಲಿನ ಪುಟ್ಟಿ ಕೇಳಿದಳು — ಡಾಲ್ಫಿನ್ ಯಾಕೆ ಯಾವಾಗಲೂ ನಗ್ತಾ ಇರುತ್ತೆ? ನಗೋದಲ್ಲ ಮರಿ, ದವಡೆ ಇರೋದೇ ಹಾಗೆ, ನೋವಾದರೂ ಹಾಗೇ ಕಾಣುತ್ತೆ ಅಂದೆ. ಮಾಮೂಲಿ ಮಾತು ಮುಂದುವರಿಸಿದೆ: ಇವು ಕಾಯಿಲೆ ಬಚ್ಚಿಡುತ್ತವೆ, ಸೊರಗಿದ್ದು ಗೊತ್ತಾದರೆ ಶಾರ್ಕ್ ಹುಡುಕಿಕೊಂಡು ಬರುತ್ತೆ, ಅದಕ್ಕೇ. ಬಾಯಿಪಾಠ. ನಿದ್ದೆಯಲ್ಲೂ ಹೇಳ್ತೀನಿ.

ಹೇಳ್ತಾ ಇರೋವಾಗಲೇ ಕಣ್ಣು ಮೂಡಣ ಮೂಲೆಗೆ. ನಮ್ಮ ಯಜಮಾನಿ ರೊಬರ್ಟಾ, ಜೊತೆಗೆ ಪಶುವೈದ್ಯ ಡಾಕ್ಟರ್ ಇತುರಾಲ್ಡೆ. ತಲೆ ತಲೆ ತಾಗಿಸಿ ಮಾತು. ಪಾಠ ಮುಗಿಸಿ ಹೋದೆ — ಗಪ್‌ಚುಪ್.

"ಏನಿಲ್ಲ ವರ್ನಾ, ಹಲಗೆ ಸಡಿಲ ಆಗಿದೆ" ಅಂದಳು ರೊಬರ್ಟಾ.

ಸಡಿಲ ಹಲಗೆ ನೋಡೋಕೆ ಡಾಕ್ಟರ್. ಕಿವಿ ಮೇಲೆ ಹೂ ಇಡೋಕೆ ಬಂದಿದ್ದಾರೆ.

ಫೆಬ್ರವರಿ 8

ಗೊತ್ತಾಯ್ತು. ಆ ಪಟ್ಟಿ ಸ್ಟ್ರೆಚರ್‌ದು. ಡಾಲ್ಫಿನ್‌ಗಳನ್ನ ನೀರಿಂದ ಎತ್ತಿ ಲಾರಿಗೆ ಹಾಕ್ತಾರಲ್ಲ, ಆ ನೀಲಿ ಜೋಲಿ. ಮೂಲೆಯಲ್ಲಿ ಅಲುಗದೆ ಮಲಗೋದು ಅದರೊಳಗೆ ಮಲಗೋ ಅಭ್ಯಾಸ.

ಡಾಟಿನ ಸಾಗಿಸ್ತಿದ್ದಾರೆ. ಥ್ಯಾಡ್ ಇದ್ದ ಪಾರ್ಕ್‌ಗೇ ಇರಬೇಕು. ಅದಕ್ಕೇ ಅವನು ಬಂದದ್ದು. ಈ ವಯಸ್ಸಲ್ಲಿ, ಒಂದು ಕಣ್ಣು ಮಂಜಾಗಿರೋ ಮುದುಕಿನ, ಸಮುದ್ರದ ನೀರು ಬಿಡಿಸಿ ಸಿಮೆಂಟ್ ತೊಟ್ಟಿಗೆ.

ಎಲ್ಲ ಕೂಡಿಬಂತು. ಕೂಡಿಬಂತಲ್ಲ ಅಂತ ಒಳಗೊಳಗೇ ಖುಷಿ ಬೇರೆ. ನನ್ನ ಮಾತು ಸುಳ್ಳಾಗಲಿಲ್ಲ ಅಂತ.

ಜಗಳ ಆಡಲ್ಲ. ಆಡಿದರೆ ನನ್ನನ್ನೇ ಹೊರಗೆ ಹಾಕ್ತಾರೆ. ಅವನು ಕಲಿಸಿದ್ದನ್ನ ನಾನು ಮರೆಸ್ತೀನಿ.

ಫೆಬ್ರವರಿ 12, ಬುಧವಾರ

ಎಲ್ಲರೂ ಊಟಕ್ಕೆ ಹೋದಾಗ ನಂದೂ ಡಾಟಿದೂ ಪಾಠ. ಮೂಲೆಯಲ್ಲಿ ಮಲಗಿದರೆ ಏನೂ ಇಲ್ಲ, ಕಲ್ಲಿನ ಥರ ನಿಂತಿರ್ತೀನಿ. ಮೂಲೆ ಬಿಟ್ಟು ಓಡಿದ ಕ್ಷಣ ಸೀಟಿ, ದಪ್ಪ ಮೀನು. ನೀಲಿ ಪಟ್ಟಿ ನೀರಲ್ಲಿ ಆಡಿಸ್ತೀನಿ. ದೂರ ಹೋದರೆ ಸೀಟಿ. ಇನ್ನೂ ದೂರ, ಎರಡು ಮೀನು.

ಎರಡೇ ದಿನ. ಈಗ ನೀಲಿ ಕಂಡರೆ ಸಾಕು, ಆಚೆ ದಡ. ನನ್ನ ಬಂಗಾರಿ. ನೋಡ್ತಾ ನೋಡ್ತಾ ಕಣ್ಣು ತುಂಬಿ ಬಂತು.

ಬಕೆಟ್‌ನ ತಳದ ಮೀನು ಮಾತ್ರ ಮುಟ್ಟಲಿಲ್ಲ. ಬಾಯಿಗೆ ಹಾಕಿದ್ದನ್ನೂ ಉಗಿದಳು. ಥ್ಯಾಡ್ ಬೆಳಗ್ಗೆಯೇ ಅವಳ ಹೊಟ್ಟೆಗೆ ತುರುಕಿರಬೇಕು, ದರಿದ್ರದವನು.

ಫೆಬ್ರವರಿ 20, ಗುರುವಾರ

ಬರೆಯೋಕೆ ಮನಸ್ಸಿಲ್ಲ. ಆದರೂ ಬರೀತೀನಿ.

ಬೆಳಗ್ಗೆ ರೊಬರ್ಟಾ ನನ್ನನ್ನ ಸೇತುವೆ ಆಚೆಯ ಊರು ಕೀ ವೆಸ್ಟ್‌ನ ಶಾಲೆಯೊಂದಕ್ಕೆ ಡಾಲ್ಫಿನ್ ಬಗ್ಗೆ ಹೇಳಿ ಬಾ ಅಂತ ಅಟ್ಟಿದಳು. ಡಾಟಿನ ಸಾಗಿಸೋದು ಇವತ್ತೇ ಅಂತ ವಾಸನೆ ಹೊಡೀತು. ಸೇತುವೆ ದಾಟಿದವಳು ಕಾರು ತಿರುಗಿಸಿದೆ.

ಬಂದು ನೋಡಿದರೆ ಹಾಗೇ ಇತ್ತು. ಮೂಡಣ ಮೂಲೆಯ ನೀರಲ್ಲಿ ನೀಲಿ ಸ್ಟ್ರೆಚರ್. ಸೊಂಟದವರೆಗೆ ನೀರಲ್ಲಿ ಥ್ಯಾಡ್. ಡಾಟಿ ಆಚೆ ದಡದಲ್ಲಿ ಬಾಲ ಬಡೀತಾ ಇದ್ದಳು, ಹತ್ತಿರ ಬರೋ ಮಾತೇ ಇಲ್ಲ. ಲಾರಿ ಎಲ್ಲೂ ಕಾಣಲಿಲ್ಲ. ಅದನ್ನ ಯೋಚಿಸೋ ವ್ಯವಧಾನ ಎಲ್ಲಿತ್ತು ನನಗೆ.

"ಎಲ್ಲಿಗೆ ಸಾಗಿಸ್ತಿದ್ದೀರಿ ಅವಳನ್ನ?" ಅಂತ ಕೂಗಿದೆ.

"ಎಲ್ಲಿಗೂ ಇಲ್ಲ" ಅಂದರು ಡಾಕ್ಟರ್. "ಡೆಕ್ ಮೇಲಕ್ಕೆ, ಅಷ್ಟೇ. ಶ್ವಾಸಕೋಶದಲ್ಲಿ ಕೀವು ಕಟ್ಟಿದೆ. ಸೂಜಿ ಹಾಕಿ ತೆಗೀಬೇಕು. ತಡ ಆದರೆ ಉಳಿಯಲ್ಲ."

ಮೊದಲು ಗೊತ್ತಾದದ್ದು ಥ್ಯಾಡ್‌ಗಂತೆ. ಅವಳ ಉಸಿರು ನಾರುತ್ತೆ ಅಂದನಂತೆ ಜನವರಿಯಲ್ಲಿ. ದಿನಾ ಆ ಉಸಿರು ನನ್ನ ಮುಖಕ್ಕೇ ಬಡೀತಿತ್ತು. ಮೀನಿನ ಬಕೆಟ್ ನಾತ ಅಂದ್ಕೊಂಡಿದ್ದೆ.

"ನನಗೆ ಯಾಕೆ ಹೇಳಲಿಲ್ಲ?"

ರೊಬರ್ಟಾ ನನ್ನ ಕೈ ನೋಡಿದಳು, ಮುಖ ಅಲ್ಲ. ಮುಂಚೆ ನಮ್ಮಲ್ಲಿದ್ದ ಗಂಡು ಡಾಲ್ಫಿನ್ ಮಾರ್ಲೋನ ಮಾತು ತೆಗೆದಳು. "ಮಾರ್ಲೋನ ಎತ್ತಿದ ದಿನ ನೆನಪಿದೆಯಾ? ನಿನ್ನ ಕೈ ನಡುಗಿತು. ಅವನು ನಿನ್ನ ಕೈ ನೋಡಿ ಹೆದರಿ ಸ್ಟ್ರೆಚರ್‌ನಿಂದ ಹಾರಿ ಡೆಕ್‌ಗೆ ಬಡಿದುಕೊಂಡ. ಡಾಟಿ ಅವನಿಗಿಂತ ಚೆನ್ನಾಗಿ ನಿನ್ನನ್ನ ಓದ್ತಾಳೆ. ನಿನಗೆ ಗೊತ್ತಾದರೆ ನಿನ್ನ ಕೈಯೇ ಅವಳಿಗೆ ಹೇಳಿಬಿಡುತ್ತೆ ಅಂತ ಭಯ ಆಯ್ತು. ನಿನ್ನನ್ನ ನೋಯಿಸಬೇಕು ಅಂತ ಅಲ್ಲ ವರ್ನಾ."

ಥ್ಯಾಡ್ ನೀರಿಂದ ಎದ್ದು ಬಂದು ಹಲಗೆ ಮೇಲೆ ಕೂತ. ತುಟಿ ನೀಲಿ. "ಮೂರು ವಾರ ಮಗು ಥರ ಬಂದು ಮಲಗ್ತಿದ್ದಳು. ಇದ್ದಕ್ಕಿದ್ದ ಹಾಗೆ ಎಲ್ಲ ಉಲ್ಟಾ. ನಾನೇ ಎಲ್ಲೋ ಎಡವಟ್ಟು ಮಾಡಿದ್ದೀನಿ" ಅಂದ.

ನೀಲಿ ಪಟ್ಟಿನ ನಾನು ಜೇಬಿನ ಒಳಕ್ಕೆ ತಳ್ಳಿದೆ.

ಫೆಬ್ರವರಿ 21

ಹೇಳಿದೆ. ಎಲ್ಲರ ಎದುರಿಗೆ, ಪಟ್ಟಿ ಮೇಜಿನ ಮೇಲೆ ಇಟ್ಟು.

ಥ್ಯಾಡ್ ಪಟ್ಟಿ ಎತ್ತಿಕೊಂಡು ಬಕಲ್ ತಿರುಗಿಸಿ ನೋಡಿದ. "ಎಷ್ಟು ದಿನ ಹಿಡೀತು?"

"ಎರಡು."

"ನಾನು ಮೂರು ವಾರ ಬೆನ್ನು ಮುರಿದುಕೊಂಡದ್ದನ್ನ ಎರಡು ದಿನದಲ್ಲಿ ಅಳಿಸಿ ಹಾಕಿದ್ರಾ." ನಗೋಕೆ ಹೋದ, ಆಗಲಿಲ್ಲ. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ. ಬೈದಾದರೂ ಕೇಳಬಹುದಿತ್ತು."

ಬಲೆ ಹಾಕಿ ಹಿಡಿದರೆ ಆ ಶ್ವಾಸಕೋಶಕ್ಕೆ ಗಾಬರಿ ತಡೆಯೋ ಶಕ್ತಿ ಇಲ್ಲ ಅಂದರು ಡಾಕ್ಟರ್. ತಾನಾಗೇ ಬಂದು ಮಲಗಬೇಕು. ಅಲ್ಲಿವರೆಗೆ ಮಾತ್ರೆ.

ರೊಬರ್ಟಾ ಎದ್ದು ನಿಂತಳು. "ನಿನ್ನನ್ನ ಕೆಲಸದಿಂದ ತೆಗೆಯೋದು ಆಮೇಲೆ. ಮೊದಲು ಅವಳನ್ನ ಮಲಗಿಸು."

ಫೆಬ್ರವರಿ 24

ಡಾಟಿ ಮೂಲೆ ಕಡೆ ತಿರುಗಿಯೂ ನೋಡಲ್ಲ. ಮೀನು ತೋರಿಸಿದೆ, ಸೀಟಿ ಹಿಡಿದು ಕಾದೆ. ದೂರದಲ್ಲಿ ತಲೆ ಎತ್ತಿ, ಒಳ್ಳೆ ಕಣ್ಣಲ್ಲಿ ನನ್ನನ್ನ ಅಳೆದಳು. ಮೊನ್ನೆ ಓಡು ಅಂದೆ, ಇವತ್ತು ಬಾ ಅಂತೀನಿ. ಯಾಕೆ ನಂಬಬೇಕು ನನ್ನನ್ನ? ಗುಮಾನಿ ಪಡೋ ಸರದಿ ಈಗ ಅವಳದ್ದು.

ಅರ್ಧ ಬಕೆಟ್ ತಿಂದಳು. ಪಕ್ಕೆಲುಬಿನ ಗೆರೆ ಕಾಣ್ತಿದೆ. ಪ್ರೇಕ್ಷಕರ ಪಾಠ ಬೇರೆಯವರಿಗೆ ಕೊಡಿ ಅಂತ ಕೇಳಿಕೊಂಡೆ. ಆ ಕಾಯಿಲೆ ಬಚ್ಚಿಡೋ ಮಾತು ನನ್ನ ಬಾಯಲ್ಲಿ ಬರ್ತಿಲ್ಲ.

ಮಾರ್ಚ್ 1, ಶನಿವಾರ

ಮೂಲೆವರೆಗೆ ಬಂದಳು. ನೀಲಿ ಕಂಡು ವಾಪಸ್. ಸಂಜೆ ಮತ್ತೆ ಬಂದಳು, ನೀಲಿ ಜೋಲಿಗೆ ಮೂತಿ ತಾಗಿಸಿದಳು.

ಥ್ಯಾಡ್ ಪಕ್ಕದಲ್ಲೇ ನಿಲ್ತಾನೆ. ಮಾತು ಕಮ್ಮಿ. ಇವತ್ತು ಮಾತ್ರ, "ಎಡಗೈಗೆ ತುಂಬಿದ ಬಕೆಟ್ ಹಿಡ್ಕೊಳ್ಳಿ, ಭಾರ ಇದ್ದರೆ ಬಲಗೈ ನಡುಗೋದು ಕಮ್ಮಿ ಆಗುತ್ತೆ" ಅಂದ. ನಿಜ, ಕಮ್ಮಿ ಆಯ್ತು.

ಈನೆಸ್ ಕಾಫಿ ಕಳಿಸಿದಳು. ಬೇಡ ಅಂದೆ, ಅವಳ ಕಾಫಿ ಕುಡಿದರೆ ಕೈ ಕುಣಿಯುತ್ತೆ. ಕಿಟಕಿಯಿಂದಲೇ ಕೂಗಿದಳು, "ಹಾಗಾದ್ರೆ ನಿಜವಾಗಲೂ ಸೀರಿಯಸ್ಸು ಕಣೇ ಇದು."

ಮಾರ್ಚ್ 4

ಮಲಗಿದಳು. ಪೂರ್ತಿ. ಪಟ್ಟಿ ಬಿಗಿಯುವವರೆಗೂ. ನಾಳೆ ಬೆಳಗ್ಗೆ ಅಂದರು ಡಾಕ್ಟರ್, ಇನ್ನು ಕಾಯೋ ಹಾಗಿಲ್ಲ.

ಮಾರ್ಚ್ 5, ಬುಧವಾರ, ಬೆಳಗ್ಗೆ 8.20

ಡೆಕ್ ಮೇಲೆ, ಐಸ್ ಪೆಟ್ಟಿಗೆ ಮೇಲೆ ಕೂತು ಬರೀತಿದ್ದೀನಿ. ಸುಮ್ಮನೆ ಕೂರೋಕೆ ಆಗ್ತಿಲ್ಲ.

ಅಂಗೈ ಚಪ್ಪಟೆ ಹಿಡಿದೆ. ಬಕೆಟ್ ಇತ್ತು, ಆದರೂ ನಡುಗಿತು. ನೋಡಿದಳು. ಖಂಡಿತ ನೋಡಿದಳು. ಈಗ ಓಡ್ತಾಳೆ, ಎಲ್ಲ ಮುಗೀತು ಅಂದ್ಕೊಂಡೆ. ಓಡಲಿಲ್ಲ. ನನ್ನ ಕೈ ನೋಡ್ತಾನೇ ಬಂದು ಮಲಗಿದಳು.

ಎತ್ತಿದರು. ನನ್ನನ್ನ ದೂರ ಕೂರು ಅಂದರು, ಅದೇ ಸರಿ. ಈಗ ಸೂಜಿ ಹಾಕೋಕೆ ತಯಾರಿ. ಒದ್ದೆ ಬಟ್ಟೆ ಹೊದಿಸಿದ್ದಾರೆ. ಉಸಿರು ಬಿಟ್ಟಳು, ಇಲ್ಲಿವರೆಗೆ ನಾತ. ಈಗ ಗೊತ್ತಾಗ್ತಿದೆ ನನಗೆ. ತಲೆ ಆಡಿಸ್ತಿದ್ದಾಳೆ, ಬಾಲ ಬಡಿದಳು. ಡಾಕ್ಟರ್ ಸೂಜಿ ಹಾಕದೆ ಕೈ ಹಿಂದೆ ತೆಗೆದರು.

ಥ್ಯಾಡ್ ಕರೀತಿದ್ದಾನೆ. ಅವಳು ನನ್ನನ್ನ ಹುಡುಕ್ತಿದ್ದಾಳಂತೆ. ಬೇಡ, ನನ್ನ ಕೈ ನಡುಗುತ್ತಿದೆ ಅಂದೆ. ನಡುಗಲಿ ಬನ್ನಿ ಅಂತಿದ್ದಾನೆ. ಪುಸ್ತಕ ಮುಚ್ಚಿ ಹೋಗ್ತಿದ್ದೀನಿ.